ಜಪಸರ ತೊಟ್ಟು ಮನೆಮನೆಗೆ ಹೋದ ಗುರು

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಓದಿದೆ. ಆ ಊರಲ್ಲಿ ನಮ್ಮ ಭಾಷೆಯವರು ಒಬ್ಬರೂ ಇಲ್ಲ, ಭಾನುವಾರದ ಬಲಿಪೂಜೆಗೂ ಬಸ್ಸು ಹಿಡಿಯಬೇಕು, ಆಸ್ಪತ್ರೆ ವಾರ್ಡಿನಲ್ಲಿ ರಾತ್ರಿಯೆಲ್ಲ ನೀನು ಮಾಡುವ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ ಅಂತ ಬರೆದಿದ್ದೀಯ. ಓದಿದ ಮೇಲೆ ನನಗೆ ಗೋವಾದ ಆ ಕಥೋಲಿಕ ಪಾದ್ರಿ, ಸಂತ ಜೋಸೆಫ್ ವಾಜರೇ ನೆನಪಾಗುತ್ತಿದ್ದಾರೆ. ಮಂಗಳೂರು ಕಡೆಯ ನಮಗೆ ಅವರೇನೂ ಹೊಸಬರಲ್ಲ, ಅವರ ಪುಣ್ಯಕ್ಷೇತ್ರವಿರುವ ಮುಡಿಪು ಗುಡ್ಡ ಹತ್ತಿದವರು ಎಷ್ಟು ಜನ! ಆದರೆ ಅಲ್ಲಿ ನಾವು ಕೇಳಿಸಿಕೊಂಡು ಬರುವುದು ಹೆಚ್ಚಾಗಿ ಪವಾಡದ ಕಥೆಗಳನ್ನು. ನನ್ನ ಮನಸ್ಸಿನಲ್ಲಿ ಕೂತಿರುವುದು ಅವರು ಮಾಡಿದ ಚಾಕರಿ.

1651ರಲ್ಲಿ ಗೋವಾದ ಬಾಣಾವಲಿಯಲ್ಲಿ ಹುಟ್ಟಿದವರು, ಮನೆಮಾತು ಕೊಂಕಣಿ. 1681ರಲ್ಲಿ ನಮ್ಮ ಕರಾವಳಿಗೆ ಬಂದರು. ಆಗ ಇಲ್ಲಿ ಕೆಳದಿ ಚೆನ್ನಮ್ಮನ ಆಳ್ವಿಕೆ. ಪೋರ್ಚುಗೀಸರ ಗೋವಾದ ಆಡಳಿತಕ್ಕೆ ಸೇರಿದ ಗುರುಗಳು ಒಂದು ಕಡೆ, ರೋಮಿನಿಂದ ನೇಮಕವಾದ ಬಿಷಪರು ಇನ್ನೊಂದು ಕಡೆ, ಯಾರ ಮಾತು ಕೇಳಬೇಕೆಂದು ತಿಳಿಯದೆ ಜನ ಒದ್ದಾಡುತ್ತಿದ್ದ ಕಾಲ. ವಾಜ್ ಗುರುಗಳು ಆ ಜಗಳದ ನಡುವೆಯೇ ಬಸ್ರೂರು, ಕುಂದಾಪುರ, ಗಂಗೊಳ್ಳಿ, ಕಲ್ಯಾಣಪುರ ಅಂತ ನಡೆದರು. 1684ರಲ್ಲಿ ಗೋವಾಕ್ಕೆ ಮರಳಿದರು. ಅವರ ಮನಸ್ಸು ಆಗಲೇ ಸಿಲೋನಿನ, ಅಂದರೆ ಈಗಿನ ಶ್ರೀಲಂಕಾದ ಕಡೆಗಿತ್ತು.

ಡಚ್ಚರು 1658ರಲ್ಲಿ ಜಾಫ್ನಾ ಹಿಡಿದ ಮೇಲೆ ಅಲ್ಲಿ ಕಥೋಲಿಕ ಗುರುಗಳಿಗೆ ಜಾಗವೇ ಇರಲಿಲ್ಲ. ಗುರುವಿಗೆ ಆಶ್ರಯ ಕೊಟ್ಟವರಿಗೂ ಶಿಕ್ಷೆ. ಸುಮಾರು ಮೂವತ್ತು ವರ್ಷ ಪೂಜೆಯಿಲ್ಲ, ಪಾಪನಿವೇದನೆಯಿಲ್ಲ. ಅಂಥ ಕಡೆಗೆ 1687ರಲ್ಲಿ ಈ ಮನುಷ್ಯ ನಿಲುವಂಗಿ ಬಿಚ್ಚಿಟ್ಟು, ಕೂಲಿಯವನ ವೇಷದಲ್ಲಿ ಹೋದರು. ಜೊತೆಗೆ ಜಾನ್ ಎಂಬ ಸೇವಕ. ದಡ ಮುಟ್ಟುವಷ್ಟರಲ್ಲಿ ಇಬ್ಬರಿಗೂ ಭೇದಿ ಹತ್ತಿ, ಏಳಲಾಗದೆ ಬಿದ್ದುಕೊಂಡಿದ್ದರು. ಗುರುತು ಪರಿಚಯ ಇಲ್ಲದ ಹೆಂಗಸೊಬ್ಬಳು ಗಂಜಿ ಕೊಟ್ಟು ಬದುಕಿಸಿದಳಂತೆ.

ಚೇತರಿಸಿಕೊಂಡ ಮೇಲೆ ಏನು ಮಾಡಿದರು ನೋಡು. ಯಾರು ಕಥೋಲಿಕರು ಅಂತ ಬಾಯಿಬಿಟ್ಟು ಕೇಳುವ ಹಾಗಿಲ್ಲ. ಕೇಳಿದರೆ ಸಿಕ್ಕಿಬೀಳುತ್ತಾರೆ. ಕೊರಳಿಗೆ ಕಥೋಲಿಕರು ಪ್ರಾರ್ಥನೆಗೆ ಹಿಡಿಯುವ ದೊಡ್ಡದೊಂದು ಜಪಸರ ಹಾಕಿಕೊಂಡು ಭಿಕ್ಷುಕನಂತೆ ಮನೆಮನೆಯ ಬಾಗಿಲಿಗೆ ಹೋದರು. ಅನ್ನ ಹಾಕುವವರ ಕೈ ನೋಡಲಿಲ್ಲ, ಅವರ ಕಣ್ಣು ಎಲ್ಲಿ ನಿಲ್ಲುತ್ತದೆ ಅಂತ ನೋಡಿದರು. ಜಪಸರ ಕಂಡು ಯಾರ ಮುಖದಲ್ಲಿ ಭಕ್ತಿ ಸುಳಿಯಿತೋ ಆ ಮನೆಗೆ ಇನ್ನೊಮ್ಮೆ ಹೋದರು, ಮತ್ತೊಮ್ಮೆ ಹೋದರು. ಹೀಗೆ ಒಂದು ಮನೆ ಸಿಕ್ಕಿತು, ಆ ಮನೆಯಿಂದ ಇನ್ನೊಂದು. ರಾತ್ರಿ ಹೊತ್ತು ಕದ ಮುಚ್ಚಿ ಪೂಜೆ, ಬೆಳಗಾಗುವ ಮುಂಚೆ ಬೇರೆ ಊರು. ತಮಿಳು ಕಲಿತರು, ಆಮೇಲೆ ಸಿಂಹಳ. ಸುಮಾರು ಒಂಬತ್ತು ವರ್ಷ ಇಡೀ ದ್ವೀಪಕ್ಕೆ ಅವರೊಬ್ಬರೇ ಗುರು.

1692ರಲ್ಲಿ ಡಚ್ಚರ ಕೈಗೆ ಸಿಗದ ಸಿಂಹಳ ರಾಜನ ರಾಜಧಾನಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂದು ಹಿಡಿದು ಸೆರೆಯಲ್ಲಿಟ್ಟರು. ಸೆರೆಯಲ್ಲೇ ಕುಳಿತು ಸಿಂಹಳ ಓದಿದರು, ಆ ವರ್ಷದ ಕ್ರಿಸ್ಮಸ್ ಪೂಜೆಯನ್ನೂ ಅಲ್ಲೇ ಅರ್ಪಿಸಿದರು. ಬರಗಾಲದಲ್ಲಿ ಅವರು ಪ್ರಾರ್ಥಿಸಿದಾಗ ಮಳೆ ಬಂತು, ರಾಜನ ಮನಸ್ಸು ತಿರುಗಿತು ಅನ್ನುತ್ತಾರೆ. ಅದು ನಿನಗೂ ಗೊತ್ತಿರುವ ಕಥೆ. ನಿನಗೆ ಹೇಳಬೇಕಾದ್ದು ಅದರ ಮುಂದಿನದು.

1697ರಲ್ಲಿ ಕ್ಯಾಂಡಿಗೆ ಸಿಡುಬು ಬಂತು. ರಾಜ ಊರು ಬಿಟ್ಟ. ಉಳ್ಳವರೂ ಬಿಟ್ಟರು. ರೋಗಿಗಳನ್ನು ಸ್ವಂತ ಮನೆಯವರೇ ಕಾಡಿಗೆ ಬಿಟ್ಟು ಬಂದರು. ಅಷ್ಟರಲ್ಲಿ ಗೋವಾದಿಂದ ಬಂದು ಸೇರಿದ್ದ ಸೋದರಳಿಯ, ಜೋಸೆಫ್ ಕಾರ್ವಾಲೋ ಗುರುಗಳು ಜೊತೆಗಿದ್ದರು. ಇಬ್ಬರೂ ಕಾಡಿನಲ್ಲಿ ಬಿದ್ದವರಿಗೆ ಗುಡಿಸಲು ಕಟ್ಟಿದರು. ಗಂಜಿ ಕುಡಿಸಿದರು, ಕೀವು ತೊಳೆದರು, ಹೇಸಿಗೆ ಬಳಿದರು, ಸತ್ತವರಿಗೆ ಗುಂಡಿ ತೋಡಿದರು. ಕ್ರೈಸ್ತನೋ ಬೌದ್ಧನೋ ಅಂತ ಕೇಳಲಿಲ್ಲ. ವಾಜ್ ಗುರುಗಳ ಮನೆತನದ ಮೂಲ ಗೋವಾದ ಬ್ರಾಹ್ಮಣರದು. ಆ ಕಾಲದಲ್ಲಿ ಅಂಥ ಮನೆತನದವರು ಪರರ ಮಲಮೂತ್ರ ಬಳಿಯುವುದೆಂದರೆ ಏನೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಮಳೆ ತರಿಸಿದ್ದಕ್ಕಿಂತ ಇದು ದೊಡ್ಡದು ಅಂತ ನನ್ನ ನಂಬಿಕೆ. ಬೆಡ್‌ಪ್ಯಾನ್ ತೊಳೆದು, ಹಾಸಿಗೆ ಬದಲಿಸಿ, ರೋಗಿಯ ಮಗ್ಗುಲು ತಿರುಗಿಸುವ ನಿನ್ನ ಪಾಳಿಯೂ ಇದೇ ಕೆಲಸ ಕಣೋ. ಹೊಗಳುವುದಕ್ಕೆ ಹೇಳುತ್ತಿಲ್ಲ, ಸಂತನೊಬ್ಬ ಮಾಡಿದ್ದು ಇದನ್ನೇ.

ಮುಂದೆ ಬಿಷಪ್ ಪದವಿ ಕೊಡಲು ಬಂದಾಗ ಬೇಡವೆಂದರು. ಗೋವಾಕ್ಕೆ ಮತ್ತೆ ಮರಳಲೇ ಇಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. ಮುನ್ನೂರಕ್ಕೂ ಹೆಚ್ಚು ವರ್ಷಗಳ ನಂತರ, 2015ರ ಜನವರಿ 14ರಂದು, ಜಗದ್ಗುರು ಪೋಪ್ ಫ್ರಾನ್ಸಿಸ್ ಕೊಲಂಬೊದ ಕಡಲ ದಂಡೆಯ ಗಾಲ್ ಫೇಸ್ ಮೈದಾನದಲ್ಲಿ ಅವರನ್ನು ಸಂತರೆಂದು ಸಾರಿದರು.

ನನಗೆ ಆಗಾಗ ಕಾಡುವವನು ಮಾತ್ರ ಆ ಜಾನ್. ಅದೇ ಭೇದಿ, ಅದೇ ಹಸಿವು, ಅದೇ ಭಯ. ಗುರುಗಳನ್ನು ಬಿಟ್ಟು ಹೋಗದೆ ನಿಂತ. ಗೋಪುರವೂ ಇಲ್ಲ, ಹಬ್ಬವೂ ಇಲ್ಲ. ಮುಂದಿನ ಸಲ ನೀನು ಪ್ರಾರ್ಥನೆಗೆ ಕೂತಾಗ ಅವನ ಹೆಸರನ್ನೂ ಸೇರಿಸಿಕೋ, ನಾನೂ ಸೇರಿಸಿಕೊಳ್ಳುತ್ತಿದ್ದೇನೆ.

ಜನವರಿಯಲ್ಲಿ ರಜೆ ಸಿಕ್ಕರೆ ವಾಜರ ಹಬ್ಬಕ್ಕೆ ಬಾ, ಮುಡಿಪಿಗೆ ಒಟ್ಟಿಗೆ ಹೋಗೋಣ. ಅಮ್ಮ ಹುಷಾರಾಗಿದ್ದಾರೆ, ನಿನ್ನನ್ನು ಕೇಳುತ್ತಿರುತ್ತಾರೆ. ಏಳನೇ ಹಾಸಿಗೆಯ ಅಜ್ಜ ಊಟ ಮಾಡಲು ಶುರು ಮಾಡಿದರೋ ಇಲ್ಲವೋ, ತಪ್ಪದೆ ಬರಿ.

ನಿನ್ನವ