ಮೂರನೆಯ ಅಂಗಡಿಯ ಮಾತು

ಪ್ರೀತಿಯ ಅಳಿಯನಿಗೆ, ಅಸ್ಸಲಾಮು ಅಲೈಕುಮ್.

ಮನೆಯ ಸುದ್ದಿಯನ್ನೆಲ್ಲ ನಿನ್ನ ಉಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ಆದರೆ ಮೂರನೆಯ ಅಂಗಡಿಯೊಂದು ತೆರೆದು ನೆಲೆನಿಂತರೆ ಊರಿಗೆ ಬಂದುಬಿಡುತ್ತೇನೆಂದು ಬರೆದ ನೀನು, ಎದುರಂಗಡಿಯವನ ವಹಿವಾಟು ಎಷ್ಟಿರಬಹುದೆಂದು ಲೆಕ್ಕ ಹಾಕುತ್ತಾ ರಾತ್ರಿ ನಿದ್ದೆಗೆಡುತ್ತೇನೆಂದೂ ಬರೆದಿದ್ದೀಯಲ್ಲ, ಅದನ್ನೋದಿ ಮನಸ್ಸು ಕದಡಿದೆ.

ನಿನ್ನ ದುಬೈ ಇರುವ ಕೊಲ್ಲಿಯಲ್ಲೇ, ಇರಾನಿನ ದಡಕ್ಕೆ ಹತ್ತಿರ, ಕೀಶ್ ಎಂಬ ದ್ವೀಪವಿದೆ. ಶೀರಾಜಿನ ಕವಿ ಸಾದಿ 1258ರಲ್ಲಿ ಬರೆದ ‘ಗುಲಿಸ್ತಾನ್’ನಲ್ಲಿ, 150 ಒಂಟೆಗಳ ಸರಕೂ 40 ಆಳುಗಳೂ ಇದ್ದ ವರ್ತಕನೊಬ್ಬ ಅಲ್ಲಿ ಕವಿಯನ್ನು ಕೂರಿಸಿಕೊಂಡು ರಾತ್ರಿಯಿಡೀ ಹಲುಬುತ್ತಾನೆ. ಇನ್ನು ಒಂದೇ ಒಂದು ಪ್ರಯಾಣ ಉಳಿದಿದೆಯಂತೆ: ಪಾರಸದ, ಅಂದರೆ ಇರಾನಿನ, ಗಂಧಕ ಚೀನಾಕ್ಕೆ, ಚೀನಾದ ಪಿಂಗಾಣಿ ರೂಮ್ ಎಂಬ ಈಗಿನ ತುರ್ಕಿಯ ನಾಡಿಗೆ, ಆ ರೂಮಿನ ಜರತಾರಿ ಹಿಂದೂಸ್ತಾನಕ್ಕೆ, ಇಲ್ಲಿನ ಉಕ್ಕು ಸಿರಿಯಾದ ಹಲಬ್‌ಗೆ, ಅಲ್ಲಿನ ಗಾಜು ಯಮನಿಗೆ, ಯಮನಿನ ಬಟ್ಟೆ ಮರಳಿ ಪಾರಸಕ್ಕೆ, ಆಮೇಲೆ ಒಂದು ಅಂಗಡಿಯಲ್ಲಿ ಸುಮ್ಮನೆ ಕೂರುತ್ತಾನಂತೆ. ನಿನ್ನ ಮೂರನೆಯ ಅಂಗಡಿಯ ಮಾತು ನನಗೆ ಹಾಗೆಯೇ ಕೇಳಿಸಿತು.

ವ್ಯಾಪಾರ ತಪ್ಪೆಂದು ಹೇಳುತ್ತಿಲ್ಲ, ಪ್ರವಾದಿಯವರೇ ವ್ಯಾಪಾರ ಮಾಡಿದವರು. ಆದರೆ ಚಿನ್ನದ ಕಣಿವೆಯೊಂದು ಸಿಕ್ಕಿದ ಮನುಷ್ಯ ಎರಡನೆಯದನ್ನು ಬಯಸುತ್ತಾನೆ, ಅವನ ಬಾಯಿ ತುಂಬುವುದು ಮಣ್ಣಿನಿಂದಲೇ ಎಂದವರೂ ಅವರೇ. ಹೆಚ್ಚಿಸಿಕೊಳ್ಳುವ ಪೈಪೋಟಿ ಗೋರಿ ಕಾಣುವವರೆಗೂ ಮನುಷ್ಯರನ್ನು ಮೈಮರೆಸುತ್ತದೆಂದು ಕುರ್‌ಆನಿನ 102ನೇ ಅಧ್ಯಾಯ ಶುರುವಾಗುವುದನ್ನು ನೀನು ಮದ್ರಸದಲ್ಲೇ ಬಾಯಿಪಾಠ ಮಾಡಿದ್ದೀಯ. ಅದೇ ಗ್ರಂಥದಲ್ಲಿ ಬರುವ ಸಿರಿವಂತ ಕಾರೂನನ ಕಥೆಯಲ್ಲಿ ಅವನ ಖಜಾನೆಯ ಬೀಗದ ಕೈಗಳನ್ನು ಹೊರಲು ಬಲಶಾಲಿಗಳ ಗುಂಪಿಗೂ ಕಷ್ಟವಾಗುತ್ತಿದ್ದುದನ್ನೇ ಎಲ್ಲರೂ ಹೇಳುತ್ತಾರೆ. ನನ್ನನ್ನು ಕಾಡುವವರು ಅವನ ವೈಭವ ನೋಡುತ್ತಾ, ಅವನಿಗೆ ಸಿಕ್ಕಿದ್ದು ನಮಗೂ ಸಿಕ್ಕಿದ್ದರೆ ಎಂದು ಹಲುಬಿದ ಜನರು. ಭೂಮಿ ಅವನನ್ನು ಮನೆಸಮೇತ ನುಂಗಿದ ಮೇಲೆ ಅವರಿಗೆ ಬುದ್ಧಿ ಬಂತು. ಎದುರಂಗಡಿಯನ್ನು ನೋಡುತ್ತಾ ಕೂತ ನಿನ್ನನ್ನು ಆ ಗುಂಪಿನಲ್ಲಿ ಕಲ್ಪಿಸಿಕೊಂಡರೆ ಭಯವಾಗುತ್ತದೆ.

ಬಂದರಿನ ನನ್ನ ಮಂಡಿಯಲ್ಲೂ ರಾತ್ರಿಯ ಇಶಾ ನಮಾಝಿನ ಬಳಿಕ ಗಲ್ಲಾಪೆಟ್ಟಿಗೆಯ ನೋಟುಗಳನ್ನು ಮತ್ತೆ ಮತ್ತೆ ಎಣಿಸುವ ಚಾಳಿ ಇತ್ತು. ಮನೆಯಲ್ಲಿ ನನ್ನ ಉಮ್ಮ ಗಂಜಿ ಮುಚ್ಚಿಟ್ಟು ಕಾಯುತ್ತಿದ್ದರು. ಆ ಹಣ ಯಾವುದಕ್ಕೆ ಖರ್ಚಾಯಿತೋ ಈಗ ನೆನಪಿಲ್ಲ.

ನಿನ್ನ ವ್ಯವಹಾರ ನನಗೆ ಅರ್ಥವಾಗುವಂಥದ್ದಲ್ಲ, ಆದರೂ ಹೇಳುತ್ತೇನೆ, ಬೇಸರಿಸಬೇಡ. ಈ ವರ್ಷದ ಝಕಾತ್, ಬಡವರಿಗೆ ಸೇರಬೇಕಾದ ಆ ನೂರಕ್ಕೆ ಎರಡೂವರೆ, ರಮಝಾನಿಗೆ ಕಾಯದೆ ನೀನೇ ಕೂತು ಲೆಕ್ಕ ಮಾಡು. ಕೊಡುವುದಕ್ಕೆ ಎಣಿಸುವಾಗ ಕೈ ಬೇರೆ ರೀತಿ ಓಡುತ್ತದೆ. ಮೂರನೆಯ ಅಂಗಡಿಗೆ ಮುಂಗಡ ಕೊಟ್ಟಾಗಿದ್ದರೆ ನಾನೇನೂ ಹೇಳಲಾರೆ. ಕೊಟ್ಟಿಲ್ಲವಾದರೆ, ಮೊದಲು ಒಮ್ಮೆ ಊರಿಗೆ ಬಂದು ಹೋಗು.

ನಿನ್ನ ಮಾಮ