ಶುಕ್ರವಾರ ಆಗಬೇಕಿದ್ದ ಮನೆ ಮಂಗಳವಾರ ಆಯಿತು

ಕೊಲಂಬಸ್, ಓಹಾಯೋ
ಅಕ್ಟೋಬರ್, ಭಾನುವಾರ ರಾತ್ರಿ

ತೀರ್ಥರೂಪರಾದ ಅಪ್ಪನವರಿಗೂ ಪ್ರೀತಿಯ ಅಮ್ಮನಿಗೂ ವೀಣಾ ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ದಿನವೂ ಫೋನಿನಲ್ಲಿ ಮುಖ ನೋಡಿಕೊಂಡು ಮಾತನಾಡುವಾಗ ಈ ಕಾಗದ ಏಕೆ ಎಂದು ಅಮ್ಮ ಕೇಳುತ್ತಾಳೆ. ಇಲ್ಲಿ ಮನೆ ಕೊಂಡ ವಿಷಯ ಸುಸೂತ್ರವಾಗಿ ಮುಗಿಯಿತು ಎಂದು ನಾನು ಫೋನಿನಲ್ಲಿ ಹೇಳಿದ್ದು ಪೂರ್ತಿ ನಿಜವಲ್ಲ, ಅದಕ್ಕೆ. ಇನ್ನೊಂದು ಕಾರಣವೂ ಇದೆ. ಅಪ್ಪ, ಆ ಪತ್ರಕ್ಕೆ ಸಹಿ ಹಾಕಿ ಕಳುಹಿಸಿದ ದಿನದಿಂದ ನೀವು ಎರಡು ಮಾತನಾಡಿ ಫೋನನ್ನು ಅಮ್ಮನ ಕೈಗೆ ಕೊಟ್ಟು ಎದ್ದು ಹೋಗುತ್ತಿದ್ದೀರಿ. ನಾನು ಗಮನಿಸಿಲ್ಲವೆಂದು ತಿಳಿಯಬೇಡಿ.

ಮೊದಲು ಆ ಪತ್ರದ ವಿಷಯವನ್ನೇ ಬರೆಯುತ್ತೇನೆ.

ಆಗಸ್ಟ್‌ನಲ್ಲಿ ನೀವು ಕಳುಹಿಸಿದ ಒಂಬತ್ತೂವರೆ ಲಕ್ಷ ರೂಪಾಯಿ ನನ್ನ ಖಾತೆಗೆ ಬಂದಾಗ ಸುಮಾರು 11,000 ಡಾಲರ್ ಆಗಿತ್ತು. ಇಲ್ಲಿ ಮನೆ ಸಾಲ ಕೊಡುವವರು ಎರಡು ತಿಂಗಳ ಬ್ಯಾಂಕ್ ಲೆಕ್ಕವನ್ನು ಸಾಲು ಸಾಲಾಗಿ ಓದುತ್ತಾರೆ. ಸಂಬಳವಲ್ಲದ ದೊಡ್ಡ ಮೊತ್ತ ಯಾವುದೇ ಕಂಡರೂ ಅದು ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಅರ್ಜಿಯನ್ನು ಪರಿಶೀಲಿಸಿ ಹೌದು, ಅಲ್ಲ ಎನ್ನುವವರಿಗೆ ಇಲ್ಲಿ ಅಂಡರ್‌ರೈಟರ್ ಎನ್ನುತ್ತಾರೆ. ಅವರ ಮುಖ ನಾನು ಇಂದಿಗೂ ನೋಡಿಲ್ಲ. ಕ್ಲೋಸಿಂಗ್‌ಗೆ, ಅಂದರೆ ಮನೆ ಕೊಳ್ಳುವ ಸಹಿಯ ದಿನಕ್ಕೆ, ಹತ್ತು ದಿನ ಇರುವಾಗ ಅವರ ಕಣ್ಣು ನಿಮ್ಮ ಹಣದ ಮೇಲೆ ಬಿತ್ತು. ಇದು ಉಡುಗೊರೆಯೋ ಸಾಲವೋ? ಉಡುಗೊರೆಯಾದರೆ ಕೊಟ್ಟವರು ಬರೆದು ಕೊಡಲಿ: ಇಷ್ಟು ಹಣ, ಇಂಥ ಸಂಬಂಧ, ಇದನ್ನು ನಾನು ಹಿಂದಕ್ಕೆ ಕೇಳುವುದಿಲ್ಲ. ಕೆಳಗೆ ನನ್ನ ಸಹಿಯೂ ಬೇಕು.

ಅವರಿಗೆ ಅದರಲ್ಲಿ ಬೇರೆ ಅರ್ಥವೇನಿಲ್ಲ. ನಿಮ್ಮ ಹಣ ಸಾಲವಾದರೆ ಅದನ್ನೂ ನಾನು ತಿಂಗಳು ತಿಂಗಳು ತೀರಿಸಬೇಕಾಗುತ್ತದೆ, ಆಗ ಅವರ ಸಾಲದ ಕಂತು ಕಟ್ಟುವ ಶಕ್ತಿ ನನಗೆ ಅಷ್ಟು ಕಡಿಮೆ ಎಂಬ ಲೆಕ್ಕ. ಇಷ್ಟನ್ನು ನಿಮಗೆ ಬಿಡಿಸಿ ಹೇಳಬೇಕಿತ್ತು. ನಾನು ಹೇಳಲಿಲ್ಲ. ಆಫೀಸಿನ ಎರಡು ಮೀಟಿಂಗ್‌ಗಳ ನಡುವೆ, ನಿಮಗೆ ರಾತ್ರಿ ಹನ್ನೊಂದಾಗಿರುವಾಗ, ಇಂಗ್ಲಿಷಿನ ಕಾಗದವೊಂದನ್ನು ವಾಟ್ಸಾಪ್‌ನಲ್ಲಿ ಕಳುಹಿಸಿ, "ಅಪ್ಪ, ಬೆಳಿಗ್ಗೆಯೊಳಗೆ ಸಹಿ ಹಾಕಿ ಕಳುಹಿಸಿ" ಎಂದು ಬರೆದೆ. ನೀವು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಿರಂತೆ. "ಮಗಳಿಗೆ ಕೊಟ್ಟದ್ದನ್ನು ವಾಪಸ್ ಕೇಳುವುದಿಲ್ಲವೆಂದು ಬರೆದು ಕೊಡಬೇಕಂತೆ" ಎಂದು ಅಮ್ಮನಿಗೆ ಹೇಳಿ ಸಹಿ ಹಾಕಿದಿರಂತೆ. ಅಮ್ಮ ನನಗೆ ಇದನ್ನು ಹೇಳಿದ್ದು ಐದು ದಿನದ ನಂತರ.

ತಮಾಷೆಯೆಂದರೆ, ವಾಪಸ್ ಕೊಡುತ್ತೇನೆ ಎಂದದ್ದು ನಾನೇ. ಹಣ ಬಂದ ದಿನ "ಎರಡು ವರ್ಷದಲ್ಲಿ ತೀರಿಸಿಬಿಡುತ್ತೇನೆ ಅಪ್ಪ" ಎಂದಿದ್ದೆ. "ನೋಡೋಣ ಬಿಡು" ಎಂದಿರಿ. ಮನಸ್ಸಿನಲ್ಲಿ ನಾನು ತಿಂಗಳಿಗೆ ಇಷ್ಟು ಎಂದು ಲೆಕ್ಕವನ್ನೂ ಹಾಕಿಟ್ಟಿದ್ದೆ. ಈಗ ನಿಮ್ಮ ಸಹಿಯ ಕೆಳಗೆ ಸಹಿ ಹಾಕುವಾಗ ಕೈ ತಡೆಯಿತು. ತೀರಿಸುವ ಯೋಚನೆ ಇಟ್ಟುಕೊಂಡು ಇದು ಉಡುಗೊರೆ ಎಂದು ಬರೆದರೆ ಅದು ಸುಳ್ಳು. ಸಾಲಕ್ಕಾಗಿ ಸುಳ್ಳು ಬರೆಯುವುದು ಇಲ್ಲಿ ದೊಡ್ಡ ಅಪರಾಧ, ಅದು ಹಾಗಿರಲಿ, ನಿಮ್ಮ ಹೆಸರಿನ ಕೆಳಗೆ ಬರೆಯುವುದು ನನ್ನಿಂದ ಆಗದ ಮಾತು. ಆದ್ದರಿಂದ ಆಗಸ್ಟ್‌ನಲ್ಲಿ ಆಡಿದ ಮಾತನ್ನು ಹಿಂತೆಗೆದುಕೊಂಡು ಸಹಿ ಹಾಕಿದೆ. ಅಪ್ಪ, ಆ ಹಣವನ್ನು ನಾನು ತೀರಿಸುವುದಿಲ್ಲ. ಹದಿನಾಲ್ಕು ವರ್ಷದಿಂದ ಮನೆಯಿಂದ ಒಂದು ರೂಪಾಯಿ ತೆಗೆದುಕೊಂಡಿಲ್ಲ ಎಂಬ ಜಂಬ ನನ್ನಲ್ಲಿತ್ತು. ಅದು ಆ ಕಾಗದದೊಂದಿಗೆ ಹೋಯಿತು.

ಇನ್ನು ಉಳಿದ ರಾಮಾಯಣ.

ಕ್ಲೋಸಿಂಗ್ ಎಂದರೆ ನಮ್ಮಲ್ಲಿನ ನೋಂದಣಿಯ ದಿನವಿದ್ದಂತೆ. ಆದರೆ ಸಬ್ ರಿಜಿಸ್ಟ್ರಾರ್ ಮುಂದೆ ನಿಲ್ಲುವುದಿಲ್ಲ. ಟೈಟಲ್ ಕಂಪನಿ ಎಂಬ ಮಧ್ಯಸ್ಥರ ಕೋಣೆಯಲ್ಲಿ ಕುಳಿತು ಸಹಿ ಹಾಕುವುದು. ಸಾಲದ ಹಣ, ನನ್ನ ಹಣ ಎರಡೂ ಅವರ ಖಾತೆಗೆ ಬಂದು, ಮಾರುವವರ ಹಳೆಯ ಸಾಲ ತೀರಿ, ಉಳಿದದ್ದು ಮಾರುವವರಿಗೆ ಹೋಗುತ್ತದೆ. ಕ್ರಯಪತ್ರವನ್ನು ಕೌಂಟಿಯ (ನಮ್ಮ ಜಿಲ್ಲೆಯಿದ್ದಂತೆ) ರೆಕಾರ್ಡರ್ ಕಚೇರಿಗೆ ದಾಖಲೆಗೆ ಕಳುಹಿಸುವವರೂ ಅವರೇ. ಅದಕ್ಕೂ ಮೊದಲು ಸಾಲದ ಕೊನೆಯ ಲೆಕ್ಕಪತ್ರ ಐದು ಪುಟದಲ್ಲಿ ನನ್ನ ಕೈಗೆ ಬಂದು ಮೂರು ದಿನವಾದರೂ ಆಗಿರಬೇಕು, ಅದು ಕಾನೂನು. ಜನರು ಓದದೆ ಸಹಿ ಹಾಕಬಾರದೆಂದು 2015ರಿಂದ ಈ ನಿಯಮ ಮಾಡಿದ್ದಾರೆ. ನನಗೆ ಅದು ಮಂಗಳವಾರ ಬಂತು, ಕ್ಲೋಸಿಂಗ್ ಶುಕ್ರವಾರ. ಅಮ್ಮ ಪುರೋಹಿತರನ್ನು ಕೇಳಿ ಭಾನುವಾರ ಬೆಳಿಗ್ಗೆ ಹಾಲು ಉಕ್ಕಿಸಲು ಗಳಿಗೆ ಇಟ್ಟುಕೊಟ್ಟಿದ್ದಳು.

ಗುರುವಾರ ಮಧ್ಯಾಹ್ನ ಟೈಟಲ್ ಕಂಪನಿಯಿಂದ ಫೋನ್ ಬಂತು. ಮನೆಯ ಮೇಲೆ ಹಳೆಯ ಸಾಲವೊಂದು ಕಾಣಿಸುತ್ತಿದೆ ಎಂದರು. ಅಪ್ಪ, ಇದು ನಿಮಗೆ ಒಂದೇ ಮಾತಿಗೆ ಅರ್ಥವಾಗುತ್ತದೆ. ಸೊಸೈಟಿಯ ಸಾಲ ತೀರಿಸಿ ವರ್ಷಗಳಾದ ಮೇಲೂ ನಮ್ಮ ಪಹಣಿಯಲ್ಲಿ ಋಣ ಹಾಗೆಯೇ ನಿಂತಿತ್ತಲ್ಲ, ಅದನ್ನು ತೆಗೆಸಲು ನೀವು ತಾಲ್ಲೂಕು ಕಚೇರಿಗೆ ಅಲೆದಿರಲ್ಲ, ಅದೇ. ಮಾರುವವರು ಎಂದೋ ಮನೆಯ ಮೇಲೆ ಎರಡನೇ ಸಾಲ ತೆಗೆದು ತೀರಿಸಿದ್ದರು. ತೀರಿತು ಎಂಬ ಪತ್ರವನ್ನು ಬ್ಯಾಂಕಿನವರು ಕೌಂಟಿಯಲ್ಲಿ ದಾಖಲಿಸಿರಲಿಲ್ಲ. ಆ ಬ್ಯಾಂಕ್ ಈ ನಡುವೆ ಇನ್ನೊಂದರಲ್ಲಿ ವಿಲೀನವಾಗಿತ್ತು. ಅಮೆರಿಕವಾದರೇನು, ತೀರಿದ ಸಾಲವನ್ನು ತೀರಿದೆ ಎಂದು ಬರೆಯುವವರಿಗೆ ಎಲ್ಲಿಯೂ ಆತುರವಿರುವುದಿಲ್ಲ.

ಶುಕ್ರವಾರ ಸಂಜೆ ನಾಲ್ಕರವರೆಗೆ ಕಾದದ್ದಾಯಿತು. ಪತ್ರ ಬಂದದ್ದು ನಾಲ್ಕೂವರೆಗೆ. ಅಷ್ಟರಲ್ಲಿ ಹಣ ಕಳುಹಿಸುವ ಹೊತ್ತು ಮೀರಿತ್ತು. ಶನಿವಾರ, ಭಾನುವಾರ ರಜೆ. ಅಕ್ಟೋಬರ್ ತಿಂಗಳ ಎರಡನೇ ಸೋಮವಾರ ಕೊಲಂಬಸ್ ದಿನ, ಆವತ್ತೂ ಬ್ಯಾಂಕುಗಳ ನಡುವೆ ಹಣ ಓಡಾಡುವುದಿಲ್ಲ. ಕೊಲಂಬಸ್ ಊರಿನಲ್ಲಿ ಮನೆ ಕೊಳ್ಳಲು ಹೊರಟವಳಿಗೆ ಕೊಲಂಬಸ್ ದಿನವೇ ಅಡ್ಡ ಬಂತು. ಅದರ ಮೇಲೆ, ನನ್ನ ಬಡ್ಡಿ ದರವನ್ನು 45 ದಿನಕ್ಕೆ ಖಚಿತ ಮಾಡಿಟ್ಟಿದ್ದ ಗಡುವು ಶುಕ್ರವಾರಕ್ಕೇ ಮುಗಿಯುತ್ತಿತ್ತು. ಅದನ್ನು ನಾಲ್ಕು ದಿನ ಮುಂದಕ್ಕೆ ಹಾಕಲು 400 ಡಾಲರ್‌ಗಿಂತ ಹೆಚ್ಚು ಕೇಳಿದರು. ತಪ್ಪು ಮಾರುವವರ ಕಡೆಯದು, ಅವರೇ ಕೊಡಲಿ ಎಂದು ನಮ್ಮ ಏಜೆಂಟ್ ಹಟ ಹಿಡಿದು ಕೊಡಿಸಿದಳು. ಅರವತ್ತು ದಾಟಿದ ಹೆಂಗಸು, ಮಾತು ಕಡಿಮೆ. ನಿಮಗೆ ಹಿಡಿಸುತ್ತಾಳೆ.

ಅಮ್ಮ, ಭಾನುವಾರದ ಹಾಲಿನ ಬಗ್ಗೆ ನೀನು ಕೇಳಿದಾಗ "ಗ್ಯಾಸ್ ಕನೆಕ್ಷನ್ ಬಂದಿಲ್ಲ" ಎಂದೆನಲ್ಲ, ಅದು ಸುಳ್ಳು. ಮನೆಯೇ ಆಗಿರಲಿಲ್ಲ.

ಸೋಮವಾರದ ವಿಷಯ ಬರೆಯುವಾಗ ಈಗಲೂ ಹೊಟ್ಟೆಯಲ್ಲಿ ತಳಮಳ. ಮಧ್ಯಾಹ್ನ ಟೈಟಲ್ ಕಂಪನಿಯ ಹೆಸರಿನಲ್ಲಿ ಇಮೇಲ್ ಬಂತು. ಮನೆಯ ವಿಳಾಸ ಸರಿಯಾಗಿದೆ, ಕ್ಲೋಸಿಂಗ್ ಮಂಗಳವಾರಕ್ಕೆ ಹೋದದ್ದೂ ಬರೆದಿದೆ, ನಾನು ಕಟ್ಟಬೇಕಾದ ಮೊತ್ತ ಡಾಲರ್‌ಗೆ ಡಾಲರ್ ಸರಿಯಿದೆ. ಲೆಕ್ಕಪರಿಶೋಧನೆ ನಡೆಯುತ್ತಿರುವುದರಿಂದ ಹಿಂದೆ ಕೊಟ್ಟ ಖಾತೆಗೆ ಬೇಡ, ಈ ಹೊಸ ಖಾತೆಗೆ ಕಳುಹಿಸಿ, ಇವತ್ತೇ ಆದೇಶ ಕೊಟ್ಟಿಟ್ಟರೆ ನಾಳೆ ಬೆಳಿಗ್ಗೆ ತಡವಾಗುವುದಿಲ್ಲ, ಕಚೇರಿಗೆ ರಜೆ ಇದೆ, ಪ್ರಶ್ನೆಯಿದ್ದರೆ ಈ ಇಮೇಲ್‌ಗೇ ಉತ್ತರಿಸಿ ಎಂದಿತ್ತು. ಶುಕ್ರವಾರದ ಪರದಾಟದ ನಂತರ ನನಗೂ ಒಂದೇ ಗುಂಗು, ಇನ್ನು ತಡವಾಗಬಾರದು. ಬ್ಯಾಂಕಿನ ಪುಟ ತೆರೆದು ಹೊಸ ಖಾತೆಯ ಅರ್ಧ ಅಂಕಿಗಳನ್ನು ಒತ್ತಿದ್ದೆ.

ಕೈ ನಿಂತದ್ದು ಒಂದು ಸಣ್ಣ ಕಾರಣಕ್ಕೆ. ಆ ಇಮೇಲ್ ನನ್ನನ್ನು "ಡಿಯರ್ ವೀಣಾ" ಎಂದು ಕರೆದಿತ್ತು. ಆ ಕಚೇರಿಯವರು ಒಂದೂವರೆ ತಿಂಗಳಿಂದ ನನ್ನನ್ನು ಒಮ್ಮೆಯೂ ವೀಣಾ ಎಂದಿರಲಿಲ್ಲ. (ಏನೆನ್ನುತ್ತಿದ್ದರು ಎಂಬುದನ್ನು ಮುಂದೆ ಬರೆಯುತ್ತೇನೆ.) ಮೊದಲ ದಿನ ಅವರು ಕೊಟ್ಟ ಕಾಗದ ಹುಡುಕಿದೆ. ಅದರಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: ಖಾತೆ ಬದಲಾಯಿತೆಂದು ನಾವು ಎಂದಿಗೂ ಇಮೇಲ್ ಕಳುಹಿಸುವುದಿಲ್ಲ, ಈ ನಂಬರಿಗೆ ಫೋನ್ ಮಾಡಿ ಕೇಳಿ. ಫೋನ್ ಮಾಡಿದರೆ ರಜೆ, ಯಾರೂ ಎತ್ತಲಿಲ್ಲ. ಆ ರಾತ್ರಿ ನಿದ್ರೆಯಿಲ್ಲ. ಬೆಳಿಗ್ಗೆ ಎಂಟಕ್ಕೆ ಫೋನ್ ಎತ್ತಿದ ಹುಡುಗಿ ನನ್ನ ಮಾತು ಮುಗಿಯುವ ಮೊದಲೇ "ಕಳುಹಿಸಿದಿರಾ?" ಎಂದು ಕೇಳಿದಳು. ಇಲ್ಲ ಎಂದೆ. ಅವಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಯಾರದೋ ಇಮೇಲ್ ಒಳಗೆ ನುಸುಳಿ ಎಲ್ಲವನ್ನೂ ಓದುತ್ತಾ, ಹಣ ಹೋಗುವ ದಿನಕ್ಕಾಗಿ ಕಾಯುವವರಿದ್ದಾರೆ. ಹೀಗೆ ಹೋದ ಹಣ ಗಂಟೆಗಳೊಳಗೆ ಗೊತ್ತಾಗದಿದ್ದರೆ ಮರಳುವುದು ಅಪರೂಪ. ನಿಮ್ಮ ಹನ್ನೊಂದು ಸಾವಿರವೂ ಅದರಲ್ಲೇ ಇತ್ತು ಅಪ್ಪ. ಒಂಬತ್ತಕ್ಕೆ ಬ್ಯಾಂಕಿಗೆ ಹೋಗಿ, ಹಳೆಯ ಕಾಗದದ ಖಾತೆಯ ಅಂಕಿಗಳನ್ನು ಅವಳಿಂದ ಫೋನಿನಲ್ಲಿ ಓದಿಸಿ, ಕಳುಹಿಸಿದೆ.

ಕಳುಹಿಸಿದ ಮೇಲೆ ಮನೆಯ ಕೊನೆಯ ತಪಾಸಣೆ. ಮಾರುವವರು ಸಾಮಾನು ಸಾಗಿಸಿದ ಮೇಲೆ, ಸಹಿಗೆ ಮೊದಲು, ಒಮ್ಮೆ ಹೋಗಿ ನೋಡುವ ಪದ್ಧತಿ. ಹೊರಗೆ ಮೇಪಲ್ ಮರ ಕೆಂಪಾಗಿ ನಿಂತಿತ್ತು. ಒಳಗೆ ನೆಲಮಾಳಿಗೆಯಲ್ಲಿ ಬೆಳಕು ಹಾಕಿದರೆ ನೆಲ ಹೊಳೆಯುತ್ತಿದೆ. ನೀರು ಕಾಯಿಸುವ ದೊಡ್ಡ ಟ್ಯಾಂಕ್ ಬುಡದಿಂದ ಸೋರುತ್ತಿತ್ತು. ನನಗೆ ಅಳುವೇ ಬಂತು. ಏಜೆಂಟ್ ಮಾತ್ರ ಫೋಟೋ ತೆಗೆದು, ಪ್ಲಂಬರನ್ನು ಕರೆಸಿ, ಹೊಸ ಟ್ಯಾಂಕಿನ ಅಂದಾಜು ಬರೆಸಿ, ಮಾರುವವರ ಏಜೆಂಟ್‌ಗೆ ಕಳುಹಿಸಿ, ಆಮೇಲೆ ಮೆಟ್ಟಿಲ ಮೇಲೆ ಕುಳಿತು ಸೇಬು ತಿಂದಳು. ಎರಡು ಗಂಟೆಯ ಚೌಕಾಸಿಯ ನಂತರ 1,400 ಡಾಲರ್ ಬಿಟ್ಟುಕೊಡಲು ಒಪ್ಪಿದರು. ಲೆಕ್ಕಪತ್ರ ಬದಲಾದರೆ ಮತ್ತೆ ಮೂರು ದಿನ ಕಾಯಬೇಕೇನೋ ಎಂದು ನನ್ನ ಜೀವ ಹೋಗಿತ್ತು. ಹಾಗಿಲ್ಲವಂತೆ. ಬಡ್ಡಿಯ ಒಟ್ಟು ದರ ಮಿತಿ ಮೀರಿ ಬದಲಾದರೆ, ಸಾಲದ ಬಗೆಯೇ ಬದಲಾದರೆ, ಮುಂಚಿತವಾಗಿ ತೀರಿಸಿದರೆ ದಂಡ ಎಂಬುದು ಹೊಸದಾಗಿ ಸೇರಿದರೆ ಮಾತ್ರ ಮತ್ತೆ ಮೂರು ದಿನ. ಮಾರುವವರು ಹಣ ಬಿಟ್ಟುಕೊಟ್ಟರೆ ಸಾಲದವರ ಒಪ್ಪಿಗೆ ಸಾಕು. ಅದು ಒಂದೂ ನಲವತ್ತಕ್ಕೆ ಬಂತು. ಎರಡಕ್ಕೆ ಸಹಿ.

ಸಹಿಯ ಕೋಣೆಯಲ್ಲಿ ಕೊನೆಯ ತೊಡಕು ನಾನೇ. ಅಪ್ಪ, ನನ್ನ ಮೊದಲ ಪಾಸ್‌ಪೋರ್ಟ್ ಅರ್ಜಿಯನ್ನು ನೀವೇ ತುಂಬಿಸಿದ್ದು ನೆನಪಿದೆಯೇ? ಇನಿಷಿಯಲ್ ಹಾಕುವಂತಿಲ್ಲ ಎಂದರು, ಸರ್‌ನೇಮ್ ಎಂಬಲ್ಲಿ "ಮದುವೆಯಾದ ಮೇಲೆ ಹೇಗೂ ಬದಲಾಗುತ್ತದೆ" ಎಂದು ಖಾಲಿ ಬಿಟ್ಟಿರಿ. ವೀಸಾ ಕೊಟ್ಟವರು ವೀಣಾ ಎಂಬುದನ್ನು ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಬರೆದರು. ಮೊದಲ ಹೆಸರು ಗೊತ್ತಿಲ್ಲ ಎಂದರ್ಥ. ಅಂದಿನಿಂದ ಬ್ಯಾಂಕಿನಲ್ಲಿ ನಾನು ಎಫ್‌ಎನ್‌ಯು ವೀಣಾ. ಟೈಟಲ್ ಕಂಪನಿಯ ಹುಡುಗಿ ಮರ್ಯಾದೆಯಿಂದ "ಫ್ನೂ" ಎನ್ನುತ್ತಿದ್ದಳು. ಪಾಸ್‌ಪೋರ್ಟ್ ನವೀಕರಿಸುವಾಗ ನಿಮ್ಮ ಹೆಸರನ್ನು ಸರ್‌ನೇಮ್ ಆಗಿ ಸೇರಿಸಿಕೊಂಡೆ, ತೆರಿಗೆಯಲ್ಲೂ ಸಾಲದಲ್ಲೂ ಆ ಹೆಸರಿದೆ. ಹಣ ಬಂದದ್ದು ಫ್ನೂ ಖಾತೆಯಿಂದ, ಮನೆ ಕೊಳ್ಳುತ್ತಿರುವವಳು ಇನ್ನೊಬ್ಬಳು! ಈ ಇಬ್ಬರೂ ಒಬ್ಬಳೇ ಎಂದು ನೋಟರಿಯ ಮುಂದೆ ಪ್ರಮಾಣಪತ್ರ ಬರೆದು, ಪ್ರತಿ ಹೆಸರಿನ ಎದುರಿಗೂ ಒಂದೊಂದು ಸಹಿ ಹಾಕಿದೆ. ಫ್ನೂ ಎಂದು ಸಹಿ ಹಾಕಿದ್ದು ಅದೇ ಮೊದಲು, ಅದೇ ಕೊನೆ. ಆ ಹೆಸರಿನಿಂದಲೇ ಹಣ ಉಳಿಯಿತು ಎಂಬ ಋಣವಿರುವುದರಿಂದ ಬೈಯಲಿಲ್ಲ.

ನಾಲ್ಕೂಕಾಲು ಗಂಟೆಗೆ ಕೀಲಿ ಕೈಗೆ ಬಂತು. ಅಮ್ಮ, ಮಂಗಳವಾರವೇ ಬಂತು, ನಿನಗೆ ಹೇಳಲಿಲ್ಲ. ಆದರೆ ಆ ದಿನ ಒಳಗೆ ಕಾಲಿಡಲಿಲ್ಲ, ಬಾಡಿಗೆ ಮನೆಗೇ ಹೋಗಿ ಮಲಗಿದೆ. ನೀನು ಎರಡನೇ ಸಲ ಇಟ್ಟುಕೊಟ್ಟ ಗಳಿಗೆಯಲ್ಲೇ, ಶುಕ್ರವಾರ ಬೆಳಿಗ್ಗೆ, ಹಾಲು ಉಕ್ಕಿಸಿದೆ. ಬಿಸಿನೀರು ಮಾತ್ರ ಇನ್ನೂ ಇಲ್ಲ, ಹೊಸ ಟ್ಯಾಂಕ್ ಬುಧವಾರ ಬರುತ್ತದೆ.

ಅಪ್ಪ, ಕ್ರಯಪತ್ರದ ಮೊದಲ ಪುಟದ ನಕಲನ್ನು ಇದರೊಂದಿಗೆ ಇಟ್ಟಿದ್ದೇನೆ. ಮೂರನೇ ಸಾಲಿನಲ್ಲಿ ನನ್ನ ಹೆಸರಿನ ಮುಂದೆ ನಿಮ್ಮ ಹೆಸರಿದೆ. ಸ್ಪೆಲಿಂಗ್ ಸರಿಯಿದೆಯೇ ಎಂದು ನಾಲ್ಕು ಸಲ ನೋಡಿದ್ದೇನೆ. ನೀವೂ ಒಮ್ಮೆ ಕನ್ನಡಕ ಹಾಕಿಕೊಂಡು ನೋಡಿ, ಫೋನಿನಲ್ಲಿ ನೀವೇ ಹೇಳಿ.

ನಿಮ್ಮ ಮಗಳು,
ವೀಣಾ