ಕುಕಿಗೆ ಇನ್ನು ಸಕ್ಕರೆ ಬದಲು ಜೇನು

ಪ್ರಿಯ ಗ್ರಾಹಕರೇ, ನಮಸ್ಕಾರ.

ಈ ತಿಂಗಳಿಂದ ನಮ್ಮ ಚಾಕೊಲೇಟ್ ಚಿಪ್ ಕುಕಿಯ ಹಿಟ್ಟಿಗೆ ಸಕ್ಕರೆ ಹಾಕುತ್ತಿಲ್ಲ, ಜೇನುತುಪ್ಪ ಹಾಕುತ್ತಿದ್ದೇವೆ. ಪುಣೆಯ ಕೊತ್ರೂಡ್ ಬಡಾವಣೆಯ ನಮ್ಮ ಅಂಗಡಿಯಿಂದ ಮೊದಲ ಡಬ್ಬಿಗಳನ್ನು ಒಯ್ದ ಕೆಲವರು ಫೋನ್ ಮಾಡಿ, "ಮೆತ್ತಗಿದೆಯಲ್ಲ, ಹಳೇದಾ?" ಅಂತ ಕೇಳಿದರು. ಹಳೇದಲ್ಲ. ಜೇನಿನ ಕುಕಿ ಇರುವುದೇ ಹಾಗೆ.

ಬದಲಾವಣೆಗೆ ಕಾರಣ ರುಚಿ, ಅಷ್ಟೇ. ಮಹಾಬಳೇಶ್ವರದ ಕಡೆಯ ನೇರಳೆ ಮರದ ಹೂವಿನ ಜೇನು ಕಪ್ಪಗಿರುತ್ತದೆ, ಸಿಹಿಯ ಹಿಂದೆಯೇ ಒಂಚೂರು ಕಹಿ ಬರುತ್ತದೆ. ಡಾರ್ಕ್ ಚಾಕೊಲೇಟಿಗೆ ಅದು ಚೆನ್ನಾಗಿ ಹೊಂದುತ್ತದೆ. ಬರೀ ಸಕ್ಕರೆಯಲ್ಲಿ ಆ ರುಚಿ ಎಲ್ಲಿಂದ ಬರಬೇಕು? ಕೊಡಗಿನ ಜೇನು ಯಾಕೆ ತರಿಸಲಿಲ್ಲ ಅಂತ ಮಡಿಕೇರಿ ಕಡೆಯ ಗ್ರಾಹಕರೊಬ್ಬರು ಜಗಳಕ್ಕೇ ಬಂದರು. ಅವರ ಅಭಿಮಾನ ಸರಿಯೇ. ಆದರೆ ಪುಣೆಯಲ್ಲಿ ಕೂತವರಿಗೆ ಮಹಾಬಳೇಶ್ವರ ಹತ್ತಿರ, ಅಲ್ವಾ?

ಸುಮ್ನೆ ಸಕ್ಕರೆ ತೆಗೆದು ಅಷ್ಟೇ ಜೇನು ಸುರಿದರೆ ಕುಕಿ ಆಗುವುದಿಲ್ಲ, ಟ್ರೇ ತುಂಬ ಹರಡಿಕೊಳ್ಳುತ್ತದೆ. ಜೇನಿನ ಸಿಹಿ ಜಾಸ್ತಿ, ಹಾಗಾಗಿ ಒಂದು ಕಪ್ ಸಕ್ಕರೆ ಇದ್ದಲ್ಲಿ ಮುಕ್ಕಾಲು ಕಪ್ ಸಾಕು. ನೂರಕ್ಕೆ ಸುಮಾರು 17-18 ಪಾಲು ಅದರಲ್ಲಿ ನೀರೇ ಇರುವುದರಿಂದ ಹಾಲು ಕಡಿಮೆ ಮಾಡಿದ್ದೇವೆ. ಜೇನಿಗೆ ಸ್ವಲ್ಪ ಹುಳಿ ಗುಣವೂ ಇದೆ, ಅದಕ್ಕೆ ಚಿಟಿಕೆ ಸೋಡಾ ಹೆಚ್ಚಿಗೆ. ಹಿಟ್ಟನ್ನು ಫ್ರಿಜ್‌ನಲ್ಲಿಟ್ಟು ಗಟ್ಟಿ ಮಾಡಿಕೊಂಡೇ ಟ್ರೇಗೆ ಹಾಕುತ್ತೇವೆ. ಜೇನು ಬೇಗ ಕೆಂಪಾಗುತ್ತದೆ, ಆದ್ದರಿಂದ ಓವನ್ನಿನ ಶಾಖ 180ರಿಂದ 165 ಡಿಗ್ರಿಗೆ ಇಳಿದಿದೆ. ಅಂಚು ಕೆಂಪಾದ ಕೂಡಲೇ ಟ್ರೇ ಹೊರಗೆ ಬರುತ್ತದೆ. ಆಗ ನಡುವೆ ಬೆರಳಿಟ್ಟರೆ ಇನ್ನೂ ಗುಳಿ ಬೀಳುತ್ತದೆ. ಹತ್ತು ನಿಮಿಷ ಅದೇ ಟ್ರೇ ಮೇಲೆ ಬಿಟ್ಟರೆ ತಾನೇ ಹದಕ್ಕೆ ಬರುತ್ತದೆ. ಬೇಯಲಿಲ್ಲ ಅಂತ ಮತ್ತೆ ಒಳಗೆ ತಳ್ಳಿದರೆ ತಳ ಕರಕಲಾಗುತ್ತದೆ.

ಇನ್ನೊಂದು ಮಾತು. ಡಬ್ಬಿಯ ಮೇಲೆ "ಶುಗರ್ ಫ್ರೀ" ಅಂತ ಹಾಕಿ, ಚೆನ್ನಾಗಿ ಹೋಗುತ್ತದೆ ಅಂತ ಹಲವರು ಹೇಳಿದರು. ಹಾಕುವುದಿಲ್ಲ. ಚಾಕೊಲೇಟ್ ಚಿಪ್ಸ್‌ನಲ್ಲಿ ಸಕ್ಕರೆ ಇದ್ದೇ ಇದೆ. ಜೇನು ಕೂಡ ರಕ್ತದಲ್ಲಿ ಸಕ್ಕರೆ ಏರಿಸುತ್ತದೆ. ಶುಗರ್ ಇರುವವರು ಇದನ್ನೂ ಸಿಹಿತಿಂಡಿ ಅಂತಲೇ ಲೆಕ್ಕಕ್ಕೆ ಹಿಡಿಯಬೇಕು. ಒಂದು ವರ್ಷ ತುಂಬದ ಮಕ್ಕಳಿಗೆ ಈ ಕುಕಿಯ ಚೂರನ್ನೂ ಕೊಡಬೇಡಿ. ಜೇನಿನಲ್ಲಿ ಬಾಟ್ಯುಲಿಸಂ ಎಂಬ ಅಪಾಯದ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು, ಓವನ್ ಶಾಖಕ್ಕೆ ಅವು ಸಾಯುತ್ತವೆ ಅಂತ ನಂಬಿ ಕೂರುವ ಹಾಗಿಲ್ಲ.

ಜೇನು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಪುಣೆಯ ಮಳೆಗಾಲದಲ್ಲಿ ಡಬ್ಬಿ ತೆರೆದಿಟ್ಟರೆ ಸಂಜೆಗೆ ಕುಕಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನಡುವೆ ಇಟ್ಟಿರುವ ಬಟರ್ ಪೇಪರ್ ಬಿಸಾಡಬೇಡಿ, ಮುಚ್ಚಳ ಬಿಗಿಯಾಗಿರಲಿ. ಗರಿಗರಿ ಬೇಕೆನ್ನುವವರು ಓಟಿಜಿಯಲ್ಲಿ (ಮನೆಯ ಚಿಕ್ಕ ಕರೆಂಟ್ ಓವನ್) 150 ಡಿಗ್ರಿಗೆ ಐದು ನಿಮಿಷ ಬಿಸಿ ಮಾಡಿ, ಆರಿಸಿ ತಿನ್ನಿ. ಅಂಚು ಮತ್ತೆ ಗಟ್ಟಿಯಾಗುತ್ತದೆ, ನಡು ಮಾತ್ರ ಮೆತ್ತಗೇ ಉಳಿಯುತ್ತದೆ.

ಬೆಲೆಯೂ ಏರಿದೆ. 250 ಗ್ರಾಂ ಡಬ್ಬಿ 180 ರೂಪಾಯಿ ಇದ್ದದ್ದು ಈಗ 220. ಒಳ್ಳೆಯ ಜೇನಿನ ದರ ನಿಮಗೂ ಗೊತ್ತು. ಹಳೆಯ ಸಕ್ಕರೆ ಕುಕಿಯೇ ಬೇಕು ಅನ್ನುವವರಿಗೆ ಶನಿವಾರಗಳಂದು ಮಾಡಿಕೊಡುತ್ತೇವೆ, ಗುರುವಾರದೊಳಗೆ ಹೇಳಿದರೆ ಸಾಕು.

ಇಂತಿ,
ಕೊತ್ರೂಡ್‌ನ ನಿಮ್ಮ ಬೇಕರಿ ಬಳಗ